ಕೇರಿಯ ಸ್ವಸಹಾಯ ಸಂಘ: ಪುಸ್ತಕ ನೆಟ್ಟಗಿದ್ದರೆ ಸೇರಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೂಲಿ ಮನೆಗಳ ಕೈ ಬರಿದಾಗುವುದು ನಾಟಿ ಮುಗಿದಲ್ಲಿಂದ ಅಡಿಕೆ ಕೊನೆಕೊಯ್ಲು ಶುರುವಾಗುವವರೆಗೆ. ಆ ಹೊತ್ತಿಗೆ ಐದು ಹತ್ತು ಸಾವಿರ ಬೇಕಾದವರಿಗೆ ಕೇರಿಯ ಸಂಘದಷ್ಟು ಹತ್ತಿರದ, ಮರ್ಯಾದೆಯ ಜಾಗ ಬೇರೆ ಇಲ್ಲ.

ಸಂಘಕ್ಕೆ 10ರಿಂದ 20 ಜನ. 15 ಜನ ವಾರಕ್ಕೆ 50 ರೂಪಾಯಿಯಂತೆ ಕಟ್ಟಿದರೆ ವರ್ಷಕ್ಕೆ 39,000. ಸದಸ್ಯರಿಗೆ ಸಾಲ, ಅಂದರೆ ಒಳಸಾಲ, ಕೊಡುವುದು ಇದರಿಂದಲೇ, ಬಡ್ಡಿಯೂ ಇದೇ ಗಂಟಿಗೆ ಬೀಳುತ್ತದೆ.

ಸೇರುವ ಮುಂಚೆ ಇದೊಂದನ್ನು ಕೇಳಿ: ಬಡ್ಡಿ ಹಾಕುವುದು ಉಳಿದ ಅಸಲಿಗೋ, ಮೊದಲು ಪಡೆದ ಪೂರ್ತಿ ಸಾಲಕ್ಕೋ? 10,000 ರೂಪಾಯಿಯನ್ನು ಹತ್ತು ತಿಂಗಳು ಸಾವಿರದಂತೆ ತೀರಿಸಿದರೆ, ತಿಂಗಳಿಗೆ ನೂರಕ್ಕೆ ಒಂದರ ಲೆಕ್ಕದಲ್ಲಿ ಉಳಿದ ಅಸಲಿನ ಬಡ್ಡಿ 550 ಆಗುತ್ತದೆ. ಪೂರ್ತಿ ಸಾಲದ ಮೇಲೆ ಹಾಕಿದರೆ 1,000. ಎರಡನ್ನೂ ಬಾಯಲ್ಲಿ 'ಒಂದು ರೂಪಾಯಿ ಬಡ್ಡಿ' ಎಂದೇ ಹೇಳುತ್ತಾರೆ.

ಸಂಘಗಳು ಹಾಳಾಗುವುದು ಹೆಚ್ಚಾಗಿ ಲೆಕ್ಕದ ಪುಸ್ತಕದಿಂದ. ಬರೆಯಲು ಬರುವವರು ಒಬ್ಬರೇ ಇದ್ದಾಗ ಪುಸ್ತಕ, ಹಣ, ಬ್ಯಾಂಕಿನ ಓಡಾಟ ಎಲ್ಲ ಅವರ ತಲೆಗೇ ಬೀಳುತ್ತದೆ. ಎರಡು ವಾರದ ಕಂತು ಚೀಟಿಯಲ್ಲೇ ಉಳಿಯಿತೆಂದರೆ ಮೂರನೇ ವಾರ ಜಗಳ. ಅವರು ಪ್ರಾಮಾಣಿಕರಾಗಿದ್ದರೂ ಇದು ತಪ್ಪದು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ, ಪುಸ್ತಕ ಮೂರನೆಯವರ ಬಳಿ ಇರಲಿ. ಹಣ ಎಣಿಸಿದ ಕೂಡಲೇ, ಸಭೆ ಏಳುವ ಮೊದಲು, ಪ್ರತಿಯೊಬ್ಬರ ಪಾಸ್‌ಪುಸ್ತಕಕ್ಕೂ ಬರೆದು ಎಲ್ಲರಿಗೂ ಕೇಳುವಂತೆ ಓದಬೇಕು.

ಒಳಸಾಲದ ದೊಡ್ಡ ಅನುಕೂಲವೆಂದರೆ ಕಂತನ್ನು ಮಳೆ ನೋಡಿ ಇಡಬಹುದು. ಕೆಲಸವಿಲ್ಲದ ತಿಂಗಳುಗಳಲ್ಲಿ ಬಡ್ಡಿ ಮಾತ್ರ, ಕೊನೆಕೊಯ್ಲು, ಸುಲಿತದ ಕೂಲಿ ಕೈಗೆ ಬಂದಾಗ ಅಸಲು. ಇದನ್ನು ಸಾಲ ಕೊಡುವ ದಿನವೇ ಠರಾವು ಪುಸ್ತಕದಲ್ಲಿ ಬರೆದಿಡಿ. ಕಂತು ತಪ್ಪಿದ ಮೇಲೆ ಬರೆದರೆ ಅದು ಒಬ್ಬರಿಗೆ ಮಾಡಿದ ದಾಕ್ಷಿಣ್ಯವಾಗುತ್ತದೆ.

ಆರು ತಿಂಗಳು ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ ಐದೂ ಸರಿಯಿದ್ದರೆ ಬ್ಯಾಂಕ್ ಸಾಲ ಕೇಳಬಹುದು. ಸರ್ಕಾರದ ಗ್ರಾಮೀಣ ಜೀವನೋಪಾಯದ ಸಂಜೀವಿನಿ ಯೋಜನೆಯ ಸಂಘಗಳಿಗೆ 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯನ್ನು ತಡೆಹಿಡಿಯುವಂತೆಯೂ ಇಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಶಾಖೆಯಲ್ಲಿ ಬೇರೆ ಮಾತು ಬಂದರೆ ಧೈರ್ಯವಾಗಿ ಕೇಳಿ. ಆದರೆ ಬಂದ ಸಾಲವನ್ನು ಎಲ್ಲರಿಗೂ ಸಮನಾಗಿ ಹಂಚಬೇಡಿ. ಬೇಡದವರು ತೆಗೆದುಕೊಂಡು ಇನ್ನೊಬ್ಬರಿಗೆ ಕೊಡುತ್ತಾರೆ, ಆ ಇನ್ನೊಬ್ಬರು ತಪ್ಪಿದರೆ ಇಡೀ ಸಂಘದ ಹೆಸರು ಕೆಡುತ್ತದೆ.

ಮದುವೆಗೆ, ಮನೆ ಕಟ್ಟಲು ಈ ಗಂಟು ಸಾಲದು. ಅದಕ್ಕೆ ಸೊಸೈಟಿಗೇ ಹೋಗಿ.