ಸೈಟಿಗೇ ಬಂದು ಮಲೇರಿಯಾ ಟೆಸ್ಟ್ ಮಾಡುವ ಸಣ್ಣ ಲ್ಯಾಬ್, 5ಕ್ಕೆ 4

ಹೆಸರು ಹಾಕುದಿಲ್ಲ, ಯಾಕಂದ್ರೆ ಒಂದು ದೂರು ಸಹ ಉಂಟು. ಮಂಗಳೂರಲ್ಲೇ ಇರುವ ಸಣ್ಣ ಲ್ಯಾಬ್, ಮನೆಗೆ ಸೈಟಿಗೆ ಎಲ್ಲಿಗೆ ಕರೆದ್ರೂ ಬಂದು ರಕ್ತ ತಗೊಂಡು ಹೋಗ್ತಾರೆ. ನಾನು ಕೊಟ್ಟಾರದ ಕಡೆ ಒಂದು ಬಿಲ್ಡಿಂಗ್ ಸೈಟಲ್ಲಿ ಸೂಪರ್‌ವೈಸರ್, ಮೊದಲು ಆರು ವರ್ಷ ಸಿಂಗಾಪುರದಲ್ಲಿ ಇದೇ ಕೆಲಸ ಮಾಡಿದ್ದೆ, ಅದ್ರಿಂದ ಜ್ವರ ಸೊಳ್ಳೆ ಅಂದ್ರೆ ನನಗೆ ಸ್ವಲ್ಪ ಜಾಸ್ತಿಯೇ ತಲೆಬಿಸಿ.

ಆಟಿ ತಿಂಗಳ ಜೋರು ಮಳೆ. ಶೆಡ್ಡಲ್ಲಿ ಇರುವ ಬಂಗಾಳದ ಹುಡುಗನೊಬ್ಬನಿಗೆ ಚಳಿ ಹಿಡಿದು ಜ್ವರ, ಮರುದಿನ ಏನೂ ಇಲ್ಲ ಆರಾಮ, ಅದರ ಮರುದಿನ ಮತ್ತೆ ನಡುಕ, ಎರಡು ಕಂಬಳಿ ಹೊದ್ರೂ ಹಲ್ಲು ಕಟಕಟ. ಮಂಗಳೂರಲ್ಲಿ ಬೆಳೆದವರಿಗೆ ಇದನ್ನು ನೋಡಿದ ಕೂಡ್ಲೆ ಗೊತ್ತಾಗ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡಿದ್ದು, ಹತ್ತೂಕಾಲಿಗೆ ಬಂದು ಬೆರಳಿಗೆ ಚುಚ್ಚಿ ಎರಡು ಸ್ಲೈಡ್ ಮಾಡ್ಕೊಂಡು ಹೋದ್ರು, ಒಂದು ದಪ್ಪ ಒಂದು ತೆಳು, ದಪ್ಪದ್ರಲ್ಲಿ ರೋಗಾಣು ಉಂಟಾ ಇಲ್ವಾ ಅಂತ ಬೇಗ ಕಾಣ್ತದೆ, ತೆಳುವಿನಲ್ಲಿ ಯಾವ ಜಾತಿದು ಅಂತ ಸರಿಯಾಗಿ ಹೇಳ್ಬಹುದು. ಹನ್ನೆರಡು ಮುಕ್ಕಾಲಿಗೆ ಲ್ಯಾಬಿನ ವಯಸ್ಸಾದ ಟೆಕ್ನಿಷಿಯನ್ ಅವರೇ ಫೋನ್ ಮಾಡಿ "ವೈವಾಕ್ಸ್ ಉಂಟು, ಫಾಲ್ಸಿಪಾರಂ ಇಲ್ಲ" ಅಂದ್ರು. ಬರೀ ಪಾಸಿಟಿವ್ ಅಂತ ಪಿಡಿಎಫ್ ಕಳಿಸಿ ಸುಮ್ಮನಾಗ್ಲಿಲ್ಲ. ಎರಡೂ ಮಲೇರಿಯಾ ರೋಗಾಣುವಿನ ಜಾತಿಗಳೇ, ಆದ್ರೆ ಎರಡಕ್ಕೂ ಮದ್ದು ಬೇರೆ, ಫಾಲ್ಸಿಪಾರಂ ಆದ್ರೆ ಮಿದುಳಿಗೇ ಹೋಗ್ಬಹುದು, ಹಾಗಾಗಿ ಆ ಒಂದು ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತೂಂತ ಹೇಳ್ಲಿಕ್ಕಾಗುದಿಲ್ಲ.

ನಾನು ನಾಲ್ಕು ಸ್ಟಾರ್ ಕೊಟ್ಟದ್ದು ಆದ್ರೆ ಇದಕ್ಕಲ್ಲ, ಇದ್ರ ನಂತರ ಆದದ್ದಕ್ಕೆ. ಅವತ್ತೇ ಸಂಜೆಯೊಳಗೆ ಅವರು ಮಲೇರಿಯಾ ವಿಭಾಗಕ್ಕೆ ತಿಳಿಸಿದ್ರು, ಮರುದಿನ ಬೆಳಿಗ್ಗೆ ಆರೋಗ್ಯ ಕಾರ್ಯಕರ್ತರು ಸೈಟಿಗೆ ಬಂದು ಶೆಡ್ಡಿನ 23 ಜನರದ್ದೂ ರಕ್ತ ತೆಗೆದ್ರು, ಇನ್ನೆರಡು ಪಾಸಿಟಿವ್, ಅದ್ರಲ್ಲಿ ಒಬ್ಬನಿಗೆ ಜ್ವರವೇ ಇರ್ಲಿಲ್ಲ ಮಾರಾಯ್ರೆ! ಲಿಫ್ಟಿನ ಗುಂಡಿಯಲ್ಲಿ ನಿಂತ ನೀರಲ್ಲಿ ಸೊಳ್ಳೆ ಮರಿಗಳು ಸಿಕ್ಕಿದ್ವು, ನೀರಿನ ಮೇಲೆ ಅಡ್ಡ ಮಲಗಿದ ಹಾಗೆ ಇದ್ರೆ ಅದು ಅನಾಫಿಲಿಸ್, ಅಂದ್ರೆ ಮಲೇರಿಯಾ ಹರಡುವ ಸೊಳ್ಳೆ, ತಲೆಕೆಳಗಾಗಿ ನೇತಾಡಿದ್ರೆ ಬೇರೆ ಸೊಳ್ಳೆ ಅಂತ ಅವರೇ ಟಾರ್ಚ್ ಹಾಕಿ ತೋರಿಸಿದ್ರು.

ಚೀನಾದವರು ಕೊನೆಯ ಹಂತದಲ್ಲಿ ಮಲೇರಿಯಾ ಓಡಿಸಿದ್ದು ಈ ತರದ ಗಡಿಯಾರ ಇಟ್ಕೊಂಡು. 1-3-7 ಅಂತ ಲೆಕ್ಕ, ಕೇಸ್ ಸಿಕ್ಕಿದ 1 ದಿನದಲ್ಲಿ ವರದಿ, 3 ದಿನದೊಳಗೆ ಎಲ್ಲಿಂದ ಬಂತೂಂತ ತನಿಖೆ, 7 ದಿನದೊಳಗೆ ಆ ಜಾಗದಲ್ಲಿ ಮುಂದೆ ಹರಡದ ಹಾಗೆ ಕೆಲಸ. 1940ರ ಹೊತ್ತಿಗೆ ವರ್ಷಕ್ಕೆ ಸುಮಾರು 3 ಕೋಟಿ ಕೇಸ್ ಇದ್ದ ದೇಶ, 2021ರಲ್ಲಿ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸರ್ಟಿಫಿಕೇಟ್ ತಗೊಂಡ್ತು. ನಮ್ಮ ಸೈಟಲ್ಲಿ ಎರಡನೇ ದಿನಕ್ಕೇ ಗುಂಡಿಯ ನೀರು ಪಂಪ್ ಹಾಕಿ ಖಾಲಿ ಮಾಡಿದೆವು, ಅಂದ್ರೆ ಇಲ್ಲಿ ಆಗುದಿಲ್ಲ ಅಂತ ಅಲ್ಲ, ಲ್ಯಾಬಿನವರು ಅವತ್ತೇ ಹೇಳಿದ್ರೆ ಆಗ್ತದೆ. ಎರಡು ದಿನ ಬಿಟ್ಟು ಹೇಳಿದ್ರೆ ಅಷ್ಟರಲ್ಲಿ ಪಕ್ಕದ ಸೈಟಿಗೂ ಹೋಗಿರ್ತದೆ.

ಶ್ರೀಲಂಕಾದ ಕಥೆ ನೆನಪಾದ್ರೆ ನನಗೆ ಹೆದರಿಕೆ ಆಗ್ತದೆ. 1963ರಲ್ಲಿ ಇಡೀ ದ್ವೀಪದಲ್ಲಿ ಬರೀ 17 ಕೇಸ್, ಇನ್ನೇನು ಮುಗೀತು ಅಂತ ಮದ್ದು ಹೊಡೆಯುದು ನಿಲ್ಸಿದ್ರು, ನಾಲ್ಕೈದು ವರ್ಷದಲ್ಲಿ ಲಕ್ಷಗಟ್ಟಲೆ ಜನರಿಗೆ ವಾಪಸ್ ಬಂತು. ಮತ್ತೆ ಅದನ್ನು ಪೂರ್ತಿ ತೊಲಗಿಸ್ಲಿಕ್ಕೆ 2012ರ ವರೆಗೆ ಬೇಕಾಯ್ತು, ಸರ್ಟಿಫಿಕೇಟ್ ಸಿಕ್ಕಿದ್ದು 2016ರಲ್ಲಿ. ಸಿಕ್ಕಿದ ಮೇಲೂ ಅವರು ಬಿಟ್ಟಿಲ್ಲ, 2018ರಲ್ಲಿ ಭಾರತದಿಂದ ಹೋದ ಕಾರ್ಮಿಕನೊಬ್ಬನಿಂದ ಅಲ್ಲಿಯ ಒಬ್ಬನಿಗೆ ಹತ್ತಿದ್ದನ್ನೂ ಹುಡುಕಿ ಹಿಡಿದ್ರು. ಒಂದೇ ಒಂದು ಕೇಸಿಗೆ ಅಷ್ಟು! ನಮ್ಮಲ್ಲಿ ಈ ವರ್ಷ ಕೇಸ್ ಕಮ್ಮಿ ಅಂತ ಯಾರಾದ್ರೂ ಹೇಳಿದ್ರೆ ನನಗೆ ಆ 17ರ ಲೆಕ್ಕವೇ ತಲೆಗೆ ಬರುದು.

ಸಿಂಗಾಪುರದಲ್ಲಿ ಮಲೇರಿಯಾ ಇಲ್ಲ, ಅಲ್ಲಿ ಡೆಂಗ್ಯೂ. ಒಂದು ಏರಿಯಾದಲ್ಲಿ 10 ಕೇಸ್ ಮುಟ್ಟಿದ್ರೆ ಕೆಂಪು ಬ್ಯಾನರ್ ಹಾಕ್ತಾರೆ, ಸೈಟಲ್ಲಿ ಮರಿ ಸಿಕ್ಕಿದ್ರೆ ದಂಡ, ಕೆಲಸ ನಿಲ್ಲಿಸುವ ಆರ್ಡರ್ ಸಹ ಬರ್ತದೆ, ಆದ್ರಿಂದ ನಮಗೆ ದಿನಾ ಬೆಳಿಗ್ಗೆ ಮೊದಲ ಕೆಲಸ ನೀರು ನಿಂತ ಜಾಗ ನೋಡುದು. ಆ ಅಭ್ಯಾಸ ಇಲ್ಲಿಗೆ ಬಂದ ಮೇಲೆ ನಾನೂ ಬಿಟ್ಟಿದ್ದೆ, ಕಾಂಕ್ರೀಟ್ ಗಟ್ಟಿ ಆಗ್ಲಿಕ್ಕೆ ಸ್ಲ್ಯಾಬ್ ಮೇಲೆ ನೀರು ನಿಲ್ಸಿದ್ದು ವಾರಗಟ್ಟಲೆ ಹಾಗೇ. ತಪ್ಪು ನನ್ನದೇ, ಈಗ ಪುನಃ ಶುರು ಮಾಡಿದ್ದೇನೆ.

ದೂರು ಎಂತ ಅಂದ್ರೆ ಫೋನ್ ಎತ್ತುವ ಹುಡುಗಿ ಮೊದಲಿಗೇ ದೊಡ್ಡ ಫೀವರ್ ಪ್ಯಾಕೇಜ್ ಮಾಡಿಸಿ ಅಂತ ಒತ್ತಾಯ ಮಾಡಿದ್ಳು, 1,800 ರೂಪಾಯಿ. ದಿನಗೂಲಿಯವನಿಗೆ ಅಷ್ಟು ಹೇಳಿದ್ರೆ ಟೆಸ್ಟೇ ಬೇಡ ಅಂತ ಹೋಗಿ ಮಲಗ್ತಾನೆ, ಅವನು ಮಲಗಿದ್ರೆ ಸೊಳ್ಳೆಗೆ ಹಬ್ಬ. ಇದಕ್ಕೇ ಒಂದು ಸ್ಟಾರ್ ಕಟ್.

ಒಂದು ಹೇಳ್ಲೇಬೇಕು. ವೈವಾಕ್ಸಿಗೆ ಡಾಕ್ಟರು 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆದಿದ್ರು, ಯಾಕಂದ್ರೆ ವೈವಾಕ್ಸ್ ರೋಗಾಣು ಲಿವರಲ್ಲಿ ಅಡಗಿ ಕೂತು ತಿಂಗಳು ಬಿಟ್ಟು ಮತ್ತೆ ಏಳ್ತದೆ. ನಮ್ಮ ಹುಡುಗ ಜ್ವರ ಬಿಟ್ಟಿತಲ್ಲ ಅಂತ ನಾಲ್ಕನೇ ದಿನಕ್ಕೇ ಮಾತ್ರೆ ನಿಲ್ಸಿದ್ದ, ನನಗೂ ಗೊತ್ತಿಲ್ಲ. ಐದನೇ ದಿನ ಆ ಟೆಕ್ನಿಷಿಯನ್ ತಾವಾಗಿ ಫೋನ್ ಮಾಡಿ "ಮಾತ್ರೆ ತಗೊಳ್ತಿದ್ದಾನಾ" ಅಂತ ಕೇಳಿದ್ದಕ್ಕೆ ಗೊತ್ತಾದದ್ದು. ಲ್ಯಾಬಿನವರು ಇದನ್ನು ಕೇಳ್ಬೇಕೂಂತ ಏನೂ ಇಲ್ಲ, ಆದ್ರೂ ಕೇಳಿದ್ರು. ಡಾಕ್ಟರಿಗೆ ತಿಳಿಸಿ ಮತ್ತೆ ಶುರು ಮಾಡಿಸಿದೆ, ಆಮೇಲೆ ಮಧ್ಯಾಹ್ನ ಗಂಜಿ ಊಟ ಆದ ಕೂಡ್ಲೆ ನನ್ನ ಎದುರೇ ನುಂಗಿಸ್ತಿದ್ದೆ, ಕೋರ್ಸ್ ಪೂರ್ತಿ ಆಯ್ತು.

ಬರೀ ಸ್ಲೈಡ್ ಟೆಸ್ಟಿಗೆ ಬರುವ ಚಾರ್ಜ್ ಸೇರಿ 250 ತಗೊಂಡ್ರು. ಆದಿತ್ಯವಾರ ಮಧ್ಯಾಹ್ನದ ವರೆಗೆ ಮಾತ್ರ ಇರುದು, ಹಾಗಾಗಿ ಶನಿವಾರ ಚಳಿ ಶುರು ಆದ್ರೆ ಸೋಮವಾರ ನೋಡುವ ಅಂತ ಕೂರ್ಬೇಡಿ, ಅವತ್ತೇ ಕರೀರಿ, ಕರೆಯುವಾಗ್ಲೇ "ಮಲೇರಿಯಾ ಸ್ಲೈಡ್ ಮಾತ್ರ" ಅಂತ ಹೇಳಿ.