ಮುಟ್ಟು ನಿಂತ ಮೇಲೆ ಹಾರ್ಮೋನ್: ಮಾತ್ರೆಯೋ, ಪ್ಯಾಚೋ?

ಮಾತ್ರೆ ನುಂಗೋದು ಸುಲಭ, ನಿಜ. ಆದರೆ ನುಂಗಿದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಜಾಸ್ತಿಯಾಗುತ್ತವೆ. ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡುವ ಫ್ಯಾಕ್ಟರ್ ಫೈವ್ ಲೈಡನ್ ಎಂಬ ಜೀನ್ ಬದಲಾವಣೆ ಹುಟ್ಟಿನಿಂದಲೇ ಇದ್ದವರಿಗೆ ಇದು ಗಾಯದ ಮೇಲೆ ಬರೆ ಎಳೆದಂತೆ. ನಿಮ್ಮ ಅಮ್ಮನಿಗೋ ಅಕ್ಕನಿಗೋ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತಾ? ಡಾಕ್ಟರಿಗೆ ಮೊದಲೇ ಹೇಳಿ.

ಹೊಟ್ಟೆಯ ಕೆಳಗೆ ಅಂಟಿಸುವ ಪ್ಯಾಚ್, ತೋಳಿಗೆ ಹಚ್ಚುವ ಜೆಲ್ ಚರ್ಮದ ಮೂಲಕ ನೇರ ರಕ್ತ ಸೇರುತ್ತವೆ. ಹೆಪ್ಪಿನ ಅಪಾಯ ಮಾತ್ರೆಗಿಂತ ಕಡಿಮೆ. ಪ್ಯಾಚ್ ಅಂಟಿಸಿದಲ್ಲಿ ತುರಿಕೆ ಬರಬಹುದು. ಜೆಲ್ ಒಣಗುವ ತನಕ ರವಿಕೆ ತಾಗಿಸಬಾರದು. ಆದರೂ ನನ್ನ ಓಟು ಇದಕ್ಕೇ.

ಗರ್ಭಕೋಶ ಇದ್ದರೆ ಯಾವುದರ ಜೊತೆಗೂ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನ್ ಬೇಕು. ಇಲ್ಲದಿದ್ದರೆ ಅದರ ಒಳಪದರದ ಕ್ಯಾನ್ಸರ್ ಅಪಾಯ ಏರುತ್ತದೆ. ಸ್ತನ ಕ್ಯಾನ್ಸರ್ ಬಂದು ಹೋದವರಿಗಂತೂ ಸಾಮಾನ್ಯವಾಗಿ ಮಾತ್ರೆ, ಪ್ಯಾಚ್ ಎರಡೂ ಬೇಡ ಅನ್ನುತ್ತಾರೆ.