ಗುಳಿಗೆ, ಹುರುಳಿ, ಕುದುರೆ ಮೆಂತೆ: ನಮ್ಮ ಬಿಜಲಿಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುದುರೆ ಮೆಂತೆಗೆ, ಅಂದರೆ ಲೂಸರ್ನ್ ಅನ್ನುವ ಹಸಿರು ಮೇವಿಗೆ. ಹೆಸರಲ್ಲೇ ಕುದುರೆ ಇದೆ. ಆದರೂ ಅಲ್ಲಿಗೆ ಬಂದು ಮುಟ್ಟೋಕೆ ನನಗೆ ಆರು ತಿಂಗಳು, ನಾಲ್ಕು ಚೀಲ ಪೆಲೆಟ್ ಮತ್ತು ನಿದ್ದೆಯಿಲ್ಲದ ಒಂದು ರಾತ್ರಿ ಬೇಕಾಯಿತು.

ಬಿಜಲಿ ಎರಡೂವರೆ ವರ್ಷದ ಹೆಣ್ಣು ಕುದುರೆ ಮರಿ. ಧಾರವಾಡದ ಹೊರಗೆ ನಮ್ಮ ಹೊಲದಲ್ಲೇ ಅವಳ ಲಾಯ. ತಂದಾಗ ನೋಡೋಕೆ ಚೆಂದವಿದ್ದಳು, ಆದರೆ ಉದ್ದ ಹಗ್ಗ ಹಿಡಿದು ಹತ್ತು ಸುತ್ತು ತಿರುಗಿಸಿದರೆ ಸಾಕು, ತಲೆ ಕೆಳಗೆ ಹಾಕಿ ನಿಂತುಬಿಡುತ್ತಿದ್ದಳು. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು, "ಬಿಜಲಿ ಅಂತ ಹೆಸರಿಟ್ಟೀರಿ, ಕರೆಂಟೇ ಇಲ್ಲಲ್ರಿ" ಅಂತ ನಗುತ್ತಿದ್ದರು.

ಶಕ್ತಿ ಇಲ್ಲ ಅಂದಕೂಡಲೇ ನಾವೆಲ್ಲ ತೀನಿ ಜಾಸ್ತಿ ಮಾಡೋಕೆ ಹೋಗುತ್ತೇವೆ. ನಮ್ಮ ಡಾಕ್ಟರು ಹಾಗೆ ಮಾಡೋಕೆ ಬಿಡಲಿಲ್ಲ. ಒಂದು ವಾರ ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆದಿಡಿ ಅಂದರು. 38 ಡಿಗ್ರಿ ಆಸುಪಾಸು ಇದ್ದರೆ ಸರಿ; ಬಂದು ಹೋಗಿ ಮಾಡುವ ಜ್ವರವಿದ್ದರೆ ಸರ್ರಾ ಅನ್ನುವ ರೋಗ ಇರಬಹುದು, ಅದನ್ನು ಕಚ್ಚುವ ದೊಡ್ಡ ನೊಣಗಳು ಹರಡುತ್ತವೆ. ಜ್ವರ ಇರಲಿಲ್ಲ. ರಕ್ತ ಸ್ವಲ್ಪ ಕಡಿಮೆ ಇತ್ತು. ಲದ್ದಿ ಪರೀಕ್ಷೆಯಲ್ಲಿ ಮಾತ್ರ ಜಂತುಹುಳದ ಮೊಟ್ಟೆ ರಾಶಿ ರಾಶಿ. ಬಾಯಿ ತೆರೆದು ನೋಡಿದರೆ ಹಾಲುಹಲ್ಲು ಅಲುಗಾಡುತ್ತಿದ್ದವು. ಎರಡೂವರೆ ವರ್ಷಕ್ಕೆ ಮುಂದಿನ ಹಲ್ಲು ಬದಲಾಗೋಕೆ ಶುರುವಾಗಿ, ಐದು ವರ್ಷದವರೆಗೂ ಬಾಯಲ್ಲಿ ಏನಾದರೊಂದು ನಡೆದೇ ಇರುತ್ತದಂತೆ. ಜಂತಿನ ಔಷಧ ಕೊಟ್ಟು ಎರಡು ವಾರಕ್ಕೆ ಕಣ್ಣಲ್ಲಿ ಸ್ವಲ್ಪ ಕಳೆ ಬಂತು. ಅರ್ಧ ರೋಗ ಅಲ್ಲೇ ಇತ್ತು ಅಂತ ಈಗ ಅನಿಸುತ್ತದೆ. ಆದ್ದರಿಂದ ಮುಂದೆ ಬರೆದದ್ದೆಲ್ಲ ಉಳಿದರ್ಧದ ಕಥೆ ಅಂತ ಓದಿಕೊಳ್ಳಿ.

ಮೊದಲು ತರಿಸಿದ್ದು ಪೆಲೆಟ್, ಅಂದರೆ ಒತ್ತಿ ಮಾಡಿದ ಸಿದ್ಧ ತೀನಿ. ಅವ್ವ ಇದನ್ನು ಗುಳಿಗೆ ಅಂತಲೇ ಕರೆಯುತ್ತಾಳೆ. 25 ಕೆಜಿ ಚೀಲ, ಹೊರಊರಿಂದ ಪಾರ್ಸಲ್ ಲಾರಿಯಲ್ಲಿ ಬರಬೇಕು. ಬಾಡಿಗೆ ಉಳಿಯಲಿ ಅಂತ ಒಮ್ಮೆಗೇ ನಾಲ್ಕು ಚೀಲ ತರಿಸಿದೆ. ಆಗ ಜೂನ್ ತಿಂಗಳು. ಧಾರವಾಡದ ಜೂನ್ ಜುಲೈ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾಲ್ಕನೇ ಚೀಲ ಬಿಚ್ಚುವಾಗ ಒಂದು ಮೂಲೆ ಬೂಸ್ಟು ಹಿಡಿದಿತ್ತು. ಬೂಸ್ಟು ಹಿಡಿದ ತೀನಿಯನ್ನು ಕುದುರೆಗೆ ಹಾಕಲೇಬಾರದು. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋದದ್ದು ಹೋದಂತೆಯೇ. ಇಡೀ ಚೀಲ ತಿಪ್ಪೆಗೆ ಹೋಯಿತು.

ಅದು ದುಡ್ಡಿನ ನಷ್ಟ, ಹೋಗಲಿ. ನಿಜವಾದ ತಲೆನೋವು ಒಂದು ಡಬ್ಬಿಯಿಂದ ಬಂತು.

ನಮ್ಮ ಲಾಯದಲ್ಲಿ ಎರಡು ಲೀಟರಿನ ಹಳೆಯ ಪೇಂಟ್ ಡಬ್ಬಿ ಒಂದಿತ್ತು. ಮರಿ ಕೊಟ್ಟವರು ದಿನಕ್ಕೆ ಮೂರು ಡಬ್ಬಿ ಗೋಧಿ ಬೂಸಾ ಹಾಕಿ ಅಂದಿದ್ದರು, ಹಾಕುತ್ತಿದ್ದೆ. ಪೆಲೆಟ್ ಬಂದ ದಿನ ಬೂಸಾ ನಿಲ್ಲಿಸಿ ಅದೇ ಡಬ್ಬಿಯಲ್ಲಿ ಮೂರು ಡಬ್ಬಿ ಪೆಲೆಟ್ ಹಾಕಿದೆ. ಡಬ್ಬಿ ಅದೇ, ಲೆಕ್ಕ ಅದೇ, ತಪ್ಪೇನಿದೆ ಅಲ್ವಾ? ನಾಲ್ಕನೇ ದಿನಕ್ಕೆ ಲದ್ದಿ ಸಗಣಿಯ ಹಾಗಾಯಿತು. ಸ್ವಭಾವವೂ ವಿಚಿತ್ರವಾಯಿತು, ಎಲೆ ಅಲುಗಿದರೆ ಬೆದರುತ್ತಾಳೆ, ಆದರೆ ಐದು ಸುತ್ತಿಗೆ ಬೆವರಿ ನಿಲ್ಲುತ್ತಾಳೆ. ಆರನೇ ರಾತ್ರಿ ಹತ್ತು ಗಂಟೆಗೆ ನೋಡಿದರೆ ಮುಂಗಾಲಿನಿಂದ ನೆಲ ಕೆದರುತ್ತಾ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಾಳೆ. ಹೊಟ್ಟೆಶೂಲೆ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಲದ್ದಿ ಬೀಳುವವರೆಗೆ, ಅಂದರೆ ನಾಲ್ಕೂವರೆವರೆಗೆ, ನಾನು ಮಳೆಯಲ್ಲಿ ಕೊಡೆ ಹಿಡಿದು ಅವಳ ಜೊತೆ ಅಂಗಳ ಸುತ್ತಿದೆ.

ಬೆಳಿಗ್ಗೆ ಪೆಲೆಟ್ ಮಾರಿದವರಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಪಾಪ, ಅವರು ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಕೆಜಿ ಹಾಕಿದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದೇ ಹುಬ್ಬಳ್ಳಿಯಿಂದ ತೂಗುಹಾಕುವ ಸಣ್ಣ ಕಾಂಟಾ ತಂದೆ. ಅದೇ ಡಬ್ಬಿಯಲ್ಲಿ ಬೂಸಾ ಅರ್ಧ ಕೆಜಿ ತೂಗಿತು. ಪೆಲೆಟ್ ಒಂದೂಕಾಲು ಕೆಜಿ. ಹುರುಳಿ ಒಂದೂವರೆ ಕೆಜಿ ದಾಟಿತು. ಅಂದರೆ ಒಂದೂವರೆ ಕೆಜಿ ತಿನ್ನುತ್ತಿದ್ದ ಮರಿಗೆ ರಾತ್ರೋರಾತ್ರಿ ಪೌಣೆನಾಲ್ಕು ಕೆಜಿ ಹಾಕಿದ್ದೆ, ಅದೂ ಎರಡೇ ಹೊತ್ತಿಗೆ. ಕುದುರೆಯ ಹೊಟ್ಟೆ ಮೈಗೆ ಹೋಲಿಸಿದರೆ ಬಹಳ ಸಣ್ಣದು. ಜಾಸ್ತಿಯಾದ ಪಿಷ್ಟ ಅಲ್ಲಿ ನಿಲ್ಲದೆ ಹಿಂದಿನ ದೊಡ್ಡ ಕರುಳಿಗೆ ಜಾರಿ ಅಲ್ಲಿ ಹುಳಿಯುತ್ತದೆ. ತೀನಿ ಬದಲಿಸುವಾಗ ದಿನಕ್ಕಿಷ್ಟು ಅಂತ ಏಳರಿಂದ ಹತ್ತು ದಿನ ಹಿಡಿಯಬೇಕು. ಚೀಲದ ಮೇಲೆ ಇದೂ ಬರೆದಿತ್ತು, ಓದಿದವರು ಯಾರು?

ಕಾಂಟಾ ಬಂದ ಮೇಲೆ ಎರಡೂವರೆ ಕೆಜಿ ಪೆಲೆಟ್ಟನ್ನು ಮೂರು ಹೊತ್ತಿಗೆ ಹಂಚಿ ಹಾಕಿದೆ. ಒಪ್ಪಬೇಕಾದ ಮಾತು, ಆಗ ಚೆನ್ನಾಗಿಯೇ ಇದ್ದಳು. ದಿನಕ್ಕೆ 140 ರೂಪಾಯಿ ಬಿತ್ತು ಅಷ್ಟೇ.

ಎರಡನೆಯದು ಹುರುಳಿ. ಹುಬ್ಬಳ್ಳಿಯಲ್ಲಿ ಮೊದಲು ಟಾಂಗಾ ಓಡಿಸುತ್ತಿದ್ದ ಚಾಚಾ ಒಬ್ಬರು ಪರಿಚಯ. ನನ್ನ ಪೆಲೆಟ್ ಕಥೆ ಕೇಳಿ ಹಣೆ ಹಣೆ ಬಡಿದುಕೊಂಡರು. "ತಮ್ಮಾ, ಹುರಳಿ ಕುದಿಸಿ ಹಾಕು. ಹುರಳಿ ತಿನ್ನಲಾರದ್ದು ಎಂಥಾ ಕುದರಿ?" ಅವರ ಲೆಕ್ಕದಂತೆ ಒಂದು ಕೆಜಿ ಹುರುಳಿ, ಒಂದು ಕೆಜಿ ಬೂಸಾ, ಒಂದು ಹಿಡಿ ಅಗಸಿ, ಸ್ವಲ್ಪ ಬೆಲ್ಲ. ಬಿಜಲಿಗೆ ಇದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಅಗಸಿಯಿಂದಲೋ ಏನೋ ಮೈ ಕನ್ನಡಿಯ ಹಾಗೆ ಹೊಳೆಯಿತು. ಹಲ್ಲು ಸಡಿಲವಿದ್ದವಳಿಗೆ ಮೆತ್ತಗಿನ ತೀನಿ ಹಿತವೂ ಆಯಿತು. ನೆನೆಸದೆ ಕುದಿಸದೆ ಹಾಕಿದ ದಿನ ಮಾತ್ರ ಕಾಳು ಲದ್ದಿಯಲ್ಲಿ ಹಾಗೇ ಬಂದು, ಗುಬ್ಬಿಗಳಿಗೆ ಹಬ್ಬ.

ಆದರೆ ನಾನು ಎಂಟು ಗಂಟೆಗೆ ಹುಬ್ಬಳ್ಳಿ ಬಸ್ ಹತ್ತುವವನು. ದಿನಾ ಒಂದು ತಾಸು ಒಲೆ ಮುಂದೆ ಯಾರು ಕೂರಬೇಕು? ಅವ್ವ ಒಂದು ತಿಂಗಳು ಮಾಡಿ, "ನಿನಗೂ ಇಷ್ಟು ಅಡಿಗಿ ಮಾಡಿಲ್ಲಪಾ" ಅಂದಳು. ಇನ್ನೊಂದು ಮಾತು ಬೂಸಾದ್ದು. ಅದರಲ್ಲಿ ರಂಜಕ (ಫಾಸ್ಫರಸ್) ವಿಪರೀತ, ಸುಣ್ಣದಂಶ (ಕ್ಯಾಲ್ಸಿಯಂ) ಅದರ ಹತ್ತನೇ ಒಂದು ಪಾಲಿನಷ್ಟು. ಬೆಳೆಯುವ ಮರಿಗೆ ಸುಣ್ಣ ರಂಜಕಕ್ಕಿಂತ ಜಾಸ್ತಿಯೇ ಇರಬೇಕು. ತಿಂಗಳುಗಟ್ಟಲೆ ಬೂಸಾವನ್ನೇ ನಂಬಿದರೆ ಮೈ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಊದಿ ಕಾಲು ಕುಂಟುತ್ತದೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಹೀಗಾಗುತ್ತಿತ್ತಂತೆ. ಚಾಚಾಗೆ ಹೇಳಿದರೆ ನಂಬಲಿಲ್ಲ.

ಗೋವಿನಜೋಳ ಹಾವೇರಿ ಕಡೆಯಿಂದ ಅಗ್ಗಕ್ಕೆ ಸಿಗುತ್ತಿತ್ತು, ಧೈರ್ಯ ಬರಲಿಲ್ಲ. ದನದ ಫೀಡ್ ಬೇಡವೇ ಬೇಡ. ಕೆಲವದರಲ್ಲಿ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧ ಕುದುರೆಗೆ ವಿಷ. ಹಸಿ ಎಳೆ ಜೋಳವನ್ನೂ ಹತ್ತಿರ ಬಿಡಲಿಲ್ಲ, ಅದರಲ್ಲಿ ಸಯನೈಡ್ ಇರುತ್ತದೆ.

ಈಗ ನನ್ನ ಕುದುರೆ ಮೆಂತೆಗೆ ಬರೋಣ. ಕಾಂಟಾ ಕಲಿಸಿದ ಬುದ್ಧಿಯಿಂದ ಮೊದಲು ಬಿಜಲಿಯನ್ನೇ ಅಳೆದೆ. ಟೇಲರ್ ಟೇಪಿನಲ್ಲಿ ಎದೆಸುತ್ತು 155 ಸೆಂಮೀ, ಭುಜದ ತುದಿಯಿಂದ ಪೃಷ್ಠದ ತುದಿಗೆ 140. ಸುತ್ತನ್ನು ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877 ರಿಂದ ಭಾಗಿಸಿದರೆ ಕೆಜಿ ಸಿಗುತ್ತದೆ: 283. ಇದರ ನೂರಕ್ಕೆ ಎರಡು ಪಾಲು, ಅಂದರೆ ಐದೂವರೆ ಕೆಜಿ ಮೇಲೆ ಒಣ ಲೆಕ್ಕದ ಮೇವು ದಿನಕ್ಕೆ ಬೇಕು. ನಾನು ಅಲ್ಲಿವರೆಗೆ ಹಾಕುತ್ತಿದ್ದ ಹುಲ್ಲು ತೂಗಿದರೆ ಮೂರು ಕೆಜಿ ಇರಲಿಲ್ಲ! ಕಾಳು ಯಾವುದು ಅಂತ ಜಗಳವಾಡುತ್ತಿದ್ದೆ, ಮರಿ ಹುಲ್ಲಿಗೇ ಹಸಿದಿತ್ತು.

ಈಗಿನ ಲೆಕ್ಕ: ಆರು ಕೆಜಿ ಹಸಿ ಮೆಂತೆ, ನಾಲ್ಕು ಕೆಜಿ ಒಣ ಹುಲ್ಲು, ಗಿರಣಿಯಲ್ಲಿ ಒಡೆಸಿ ನೆನೆಸಿದ ಜವೆಗೋಧಿ ಒಂದು ಕೆಜಿ, ಖನಿಜ ಮಿಶ್ರಣ, 25 ಗ್ರಾಂ ಉಪ್ಪು. ಮೆಂತೆಯಲ್ಲಿ ಸುಣ್ಣವೂ ಪ್ರೋಟೀನೂ ಚೆನ್ನಾಗಿದೆ. ಹತ್ತಿರದ ಹೈನುಗಾರರೊಬ್ಬರು ಆರ್‌ಎಲ್-88 ತಳಿ ಹಾಕಿದ್ದಾರೆ, 25–30 ದಿನಕ್ಕೊಂದು ಕೊಯ್ಲು. ಕೆಜಿಗೆ ಎಂಟು ರೂಪಾಯಿ. ಹುಲ್ಲು ಬಿಟ್ಟು ದಿನದ ಖರ್ಚು 90 ರೂಪಾಯಿ ಒಳಗೆ. ಕೊಯ್ದು ಅರ್ಧ ದಿನ ನೆರಳಲ್ಲಿ ಬಾಡಿಸಿ ಹಾಕುತ್ತೇವೆ. ಮಧ್ಯಾಹ್ನದ ಪಾಲು ಅವ್ವ ಹಾಕುತ್ತಾಳೆ, ಒಲೆ ಹಚ್ಚುವ ಕೆಲಸವಿಲ್ಲ. ತೊಂದರೆ ಅಂದರೆ ಲಾಯದಲ್ಲಿ ಉಚ್ಚೆಯ ಘಾಟು ಜಾಸ್ತಿ, ದಿನಾ ಗುಡಿಸಲೇಬೇಕು.

ಐದನೇ ವಾರಕ್ಕೆ ಬಿಜಲಿ ಹಗ್ಗದ ತುದಿಯಲ್ಲಿ ಇಪ್ಪತ್ತು ನಿಮಿಷ ಓಡಿ, ನಿಲ್ಲು ಅಂದರೂ ನಿಲ್ಲಲಿಲ್ಲ. ಬೆನ್ನ ಮೇಲೆ ಇನ್ನೂ ಯಾರನ್ನೂ ಕೂರಿಸಿಲ್ಲ, ಅವಸರವಿಲ್ಲ.

ನಿಮ್ಮ ಹತ್ತಿರ ನೀರಿನ ಹೊಲ ಇಲ್ಲ, ಕೆಲಸದಾಳೂ ಇಲ್ಲ ಅಂದರೆ ಪೆಲೆಟ್ಟೇ ವಾಸಿ, ತೂಗಿ ಹಾಕಿ. ಮನೆಯಲ್ಲಿ ಒಲೆ ಮುಂದೆ ಕೂರುವವರಿದ್ದರೆ ಬೂಸಾ ಕಡಿಮೆ ಮಾಡಿ ಹುರುಳಿ. ನನ್ನ ಮೆಂತೆಗೂ ಜೂನ್ ಜುಲೈನಲ್ಲಿ ಕಷ್ಟವಿದೆ. ನಮ್ಮ ಎರೆ ಭೂಮಿಯಲ್ಲಿ ನೀರು ನಿಂತರೆ ಅದರ ಬೇರು ಕೊಳೆಯುತ್ತದೆ. ಆ ಎರಡು ತಿಂಗಳಿಗೆ ಮತ್ತೆ ಪೆಲೆಟ್ ತರಿಸುತ್ತೇನೆ. ಈ ಸಲ ಒಮ್ಮೆಗೆ ಒಂದೇ ಚೀಲ.